ಹಂದಿ ಮೇವಿಗೆ ಬೆರೆಸುವ ಆ ಚೂರು ಪುಡಿ ನಿಜಕ್ಕೂ ಏನು ಮಾಡುತ್ತದೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಹಂದಿ ಅಂದರೆ ಗಟಾರದ ಪಕ್ಕ ಅಡ್ಡಾಡುವ ಕಪ್ಪು ಹಂದಿ ಅಂತಲೇ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಈಗ ಇನ್ನೊಂದು ಬಗೆಯ ಸಾಕಣೆಯೂ ಇದೆ. ಹೊಲದ ಮೂಲೆಯಲ್ಲಿ ತಗಡಿನ ಶೆಡ್ಡು, ಸಿಮೆಂಟ್ ನೆಲ, ಒಳಗೆ ಬಿಳಿ ಯಾರ್ಕ್‌ಷೈರ್ ಹಂದಿಗಳು, ತಿನ್ನೋಕೆ ಗೋವಿನಜೋಳದ ನುಚ್ಚು, ಜೊತೆಗೆ ಹೋಟೆಲ್ ಮುಸುರೆ. ಗಟಾರದ ಹಂದಿಗೆ ಬಯಲ ಗಾಳಿ ಸಿಗುತ್ತದೆ. ಶೆಡ್ಡಿನ ಹಂದಿ ಪಕ್ಕದ ಹಂದಿ ಬಿಟ್ಟ ಉಸಿರನ್ನೇ ಎಳೆದುಕೊಳ್ಳುತ್ತದೆ. ಒಂದಕ್ಕೆ ಕೆಮ್ಮು ಬಂದರೆ ಸಾಲಾಗಿ ಎಲ್ಲಕ್ಕೂ ಬರುತ್ತದೆ.

ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ. "ಫೀಡಿನ್ಯಾಗ ಒಂದೀಟ ಪುಡಿ ಹಾಕ್ರಿ ಅಣ್ಣಾರ, ಕೆಮ್ಮೂ ಬರೂದಿಲ್ಲ, ಮೈನೂ ಹಿಡೀತಾವ." ಆ ಪುಡಿ ಏನು ಅಂತ ಪ್ಯಾಕೆಟ್ ತಿರುಗಿಸಿ ನೋಡಿ. ಆಕ್ಸಿಟೆಟ್ರಾಸೈಕ್ಲಿನ್, ಕ್ಲೋರ್‌ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್, ಟೈಲೋಸಿನ್ ಇಂಥ ಹೆಸರು ಇದ್ದರೆ ಅದು ಟಾನಿಕ್ ಅಲ್ಲ, ಆಂಟಿಬಯೋಟಿಕ್. ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಅಥವಾ ಅದರ ಬೆಳವಣಿಗೆ ತಡೆಯುವ ಔಷಧಿ. ದಿನಾ ಚೂರು ಚೂರು ಹಾಕಿದರೆ ಏನಾಗುತ್ತದೆ? ಕೆಮ್ಮಿನಿಂದಲೇ ಶುರು ಮಾಡೋಣ.

## ಈ ಕೆಮ್ಮು ಎಲ್ಲಿಂದ ಬರುತ್ತದೆ

ಹಂದಿಯ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ನಮಗೂ ಇವೆ. ಅವು ಸದಾ ಅಲ್ಲಾಡುತ್ತಾ ಧೂಳು, ಕಫ, ಕೀಟಾಣು ಎಲ್ಲವನ್ನೂ ಮೇಲಕ್ಕೆ ತಳ್ಳುತ್ತಾ ಇರುತ್ತವೆ. ಶ್ವಾಸಕೋಶ ಚೊಕ್ಕಟವಾಗಿರುವುದು ಇವುಗಳಿಂದ.

ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೇ ಅನ್ನುವ ಬ್ಯಾಕ್ಟೀರಿಯಾ ಬಂದು ಕೂರುವುದು ಸರಿಯಾಗಿ ಈ ಕೂದಲುಗಳ ಮೇಲೆಯೇ. ಕೂದಲು ಅಲ್ಲಾಡುವುದು ನಿಲ್ಲುತ್ತದೆ, ಆಮೇಲೆ ಉದುರುತ್ತದೆ. ಇದೊಂದೇ ಬಂದರೆ ಹಂದಿ ಸಾಯುವುದು ಕಡಿಮೆ, ವಾರಗಟ್ಟಲೆ ಒಣ ಕೆಮ್ಮು, ತೂಕ ಬರೋದಿಲ್ಲ, ಅಷ್ಟೇ. ಆದರೆ ಕಾವಲು ಹೋಯಿತಲ್ಲ, ಹಿಂದೆಯೇ ಬೇರೆಯವು ನುಗ್ಗುತ್ತವೆ: ಪಾಶ್ಚುರೆಲ್ಲಾ, ಬೋರ್ಡೆಟೆಲ್ಲಾ, ಸ್ಟ್ರೆಪ್ಟೋಕಾಕಸ್ ಸೂಯಿಸ್. ಎಲ್ಲಕ್ಕಿಂತ ಕೆಟ್ಟದ್ದು ಆಕ್ಟಿನೋಬ್ಯಾಸಿಲಸ್ ಪ್ಲೂರೋನ್ಯುಮೋನಿಯೇ. ಇದು ವಿಷ ಬಿಟ್ಟು ಶ್ವಾಸಕೋಶವನ್ನೇ ಕೊಳೆಸುತ್ತದೆ. ನಿನ್ನೆ ಸಂಜೆ ಮೇವು ತಿಂದ ಹಂದಿ ಬೆಳಿಗ್ಗೆ ಮೂಗಿನಲ್ಲಿ ರಕ್ತದ ನೊರೆ ಬಂದು ಸತ್ತು ಬಿದ್ದಿರಬಹುದು.

ಇದರ ಜೊತೆ ವೈರಸ್ಸುಗಳೂ ಸೇರುತ್ತವೆ. ಹಂದಿಗಳ ಫ್ಲೂ ಇದೆ, ಗರ್ಭ, ಉಸಿರಾಟ ಎರಡನ್ನೂ ಕೆಡಿಸುವ ಪಿಆರ್‌ಆರ್‌ಎಸ್ ಇದೆ, ಸರ್ಕೋವೈರಸ್ ಇದೆ. ಇವು ಮೈಯ ರೋಗನಿರೋಧಕ ಶಕ್ತಿ ಕುಗ್ಗಿಸುತ್ತವೆ, ಆಮೇಲೆ ಬ್ಯಾಕ್ಟೀರಿಯಾಗಳಿಗೆ ದಾರಿ ಸಲೀಸು. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ, ಅದು ಯಾವ ಡೋಸ್ ಆಗಿರಲಿ.

ಇವೆಲ್ಲಕ್ಕೂ ನೆಲ ಹದ ಮಾಡಿಕೊಡುವುದು ಶೆಡ್ಡಿನ ಗಾಳಿ. ಖಾನಾಪುರ, ಬೆಳಗಾವಿ ಕಡೆ ಜೂನ್ ಬಂದರೆ ಮಳೆ ಹಿಡಿದುಕೊಳ್ಳುತ್ತದೆ. ಎರಚಲು ಒಳಗೆ ಬರಬಾರದು ಅಂತ ನಾಲ್ಕೂ ಕಡೆ ತಾಡಪತ್ರಿ ಇಳಿಸಿ ಬಿಗಿಯಾಗಿ ಕಟ್ಟುತ್ತಾರೆ. ಬೆಳಿಗ್ಗೆ ಆ ತಾಡಪತ್ರಿ ಎತ್ತಿ ಒಳಗೆ ತಲೆ ಹಾಕಿದರೆ ಕಣ್ಣಲ್ಲಿ ನೀರು ಬರುತ್ತದೆ. ಅದು ಉಚ್ಚೆಯಿಂದ ಏಳುವ ಅಮೋನಿಯಾ. ನೀವು ಎರಡು ನಿಮಿಷ ನಿಂತು ಹೊರಗೆ ಬರುತ್ತೀರಿ, ಹಂದಿ ರಾತ್ರಿಯಿಡೀ ಅದರಲ್ಲೇ, ಅದೂ ನೆಲಕ್ಕೆ ಮೂತಿ ಹಚ್ಚಿಕೊಂಡು ಮಲಗಿರುತ್ತದೆ. ಅಮೋನಿಯಾ ಸಹ ಅದೇ ಸಣ್ಣ ಕೂದಲುಗಳನ್ನು ಹಾಳುಮಾಡುತ್ತದೆ. ವಿಜಯಪುರ, ಬಾಗಲಕೋಟೆಯ ಒಣ ಸೀಮೆಯಲ್ಲಿ ತೊಂದರೆ ಬೇರೆ. ಅಲ್ಲಿ ಮೇವಿನ ಧೂಳು, ಬೇಸಿಗೆಯ ಬಿಸಿಲು, ಚಳಿಗಾಲದಲ್ಲಿ ಹಗಲು ಸೆಕೆ ರಾತ್ರಿ ಥಂಡಿ.

## 'ಸಣ್ಣ ಡೋಸ್' ಅಂದರೆ ಎಷ್ಟು ಸಣ್ಣದು?

ಲ್ಯಾಬಿನಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ಸಾಲಾಗಿ ಟ್ಯೂಬುಗಳನ್ನಿಟ್ಟು ಎಲ್ಲದರಲ್ಲೂ ಒಂದೇ ಬ್ಯಾಕ್ಟೀರಿಯಾ ಹಾಕುತ್ತಾರೆ. ಔಷಧಿಯನ್ನು ಮಾತ್ರ ಒಂದೊಂದರಲ್ಲಿ ಹಿಂದಿನದರ ಅರ್ಧದಷ್ಟು ಮಾಡುತ್ತಾ ಹೋಗುತ್ತಾರೆ. ಮಾರನೇ ದಿನ ಕೆಲವು ಟ್ಯೂಬು ತಿಳಿಯಾಗಿರುತ್ತವೆ, ಕೆಲವು ಮಬ್ಬಾಗಿರುತ್ತವೆ. ಮಬ್ಬು ಅಂದರೆ ಬ್ಯಾಕ್ಟೀರಿಯಾ ಬೆಳೆದಿದೆ. ತಿಳಿಯಾಗಿ ಉಳಿದ ಟ್ಯೂಬುಗಳಲ್ಲಿ ಅತಿ ಕಡಿಮೆ ಔಷಧಿ ಇದ್ದದ್ದು ಯಾವುದೋ ಆ ಪ್ರಮಾಣಕ್ಕೆ ಎಂಐಸಿ ಅನ್ನುತ್ತಾರೆ. ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲಿಸಲು ಕನಿಷ್ಠ ಇಷ್ಟಾದರೂ ಬೇಕು ಅಂತ. ಸೋಂಕು ಇರುವ ಜಾಗದಲ್ಲಿ, ಅಂದರೆ ಇಲ್ಲಿ ಶ್ವಾಸಕೋಶದಲ್ಲಿ, ಔಷಧಿ ಆ ಗೆರೆ ದಾಟಬೇಕು ಮತ್ತು ಸಾಕಷ್ಟು ಹೊತ್ತು ದಾಟಿಯೇ ಇರಬೇಕು. ಗೆರೆಗಿಂತ ಕೆಳಗೆ ಉಳಿದರೆ ಅದೇ ಸಣ್ಣ ಡೋಸ್.

ಲೆಕ್ಕ ಹಾಕಿ ನೋಡಿದರೆ ಬೇಗ ಅರ್ಥವಾಗುತ್ತದೆ. ಅಮೆರಿಕದಲ್ಲಿ ಹಿಂದೆ ಹಂದಿ ಬೇಗ ಬೆಳೆಯಲಿ ಅಂತ ಒಂದು ಟನ್ ಮೇವಿಗೆ 10ರಿಂದ 50 ಗ್ರಾಂ ಕ್ಲೋರ್‌ಟೆಟ್ರಾಸೈಕ್ಲಿನ್ ಹಾಕಲು ಅನುಮತಿ ಇತ್ತು. ಚಿಕಿತ್ಸೆಗೆ ಬೇಕಾದದ್ದು ಸುಮಾರು 400 ಗ್ರಾಂ, ಅಂದರೆ ದಿನಕ್ಕೆ ಪ್ರತಿ ಕಿಲೋ ಮೈತೂಕಕ್ಕೆ ಸುಮಾರು 22 ಮಿಲಿಗ್ರಾಂ. ಈಗ 30 ಕಿಲೋದ ಒಂದು ಹಂದಿ ದಿನಕ್ಕೆ ಒಂದೂವರೆ ಕಿಲೋ ಮೇವು ತಿನ್ನುತ್ತದೆ ಅಂದುಕೊಳ್ಳಿ. 50 ಗ್ರಾಂ ಹಾಕಿದ ಮೇವಿನಿಂದ ಅದಕ್ಕೆ ಸಿಗುವುದು 75 ಮಿಲಿಗ್ರಾಂ. ಬೇಕಾಗಿದ್ದದ್ದು 660. ಎಂಟನೇ ಒಂದು ಭಾಗವೂ ಸರಿಯಾಗಿ ಮುಟ್ಟಲಿಲ್ಲ.

ಅದೂ ಹೊಟ್ಟೆಗೆ ಹೋದದ್ದು ಮಾತ್ರ. ಟೆಟ್ರಾಸೈಕ್ಲಿನ್ ಗುಂಪಿನ ಹಳೆಯ ಔಷಧಿಗಳನ್ನು ಹಂದಿಯ ಕರುಳು ಸರಿಯಾಗಿ ಹೀರುವುದಿಲ್ಲ. ಆಕ್ಸಿಟೆಟ್ರಾಸೈಕ್ಲಿನ್ ಅಂತೂ ಮೇವಿನ ಜೊತೆ ಕೊಟ್ಟರೆ ಬಹುಪಾಲು ಹಾಗೆಯೇ ಸಗಣಿಯಲ್ಲಿ ಹೊರಬೀಳುತ್ತದೆ. ಕ್ಯಾಲ್ಸಿಯಂ ಸಿಕ್ಕರೆ ಈ ಔಷಧಿಗಳು ಅದಕ್ಕೆ ಅಂಟಿಕೊಂಡು ಬಿಡುತ್ತವೆ. ಮೇವಿನಲ್ಲಿ ಖನಿಜದ ಪುಡಿ ಇರುತ್ತದೆ, ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕೈಯಲ್ಲಿ ಅಂದಾಜಿಗೆ ಬೆರೆಸಿದ ಚಮಚ ಪುಡಿಯಲ್ಲಿ ಕೊನೆಗೆ ಶ್ವಾಸಕೋಶ ತಲುಪುವುದು ಎಷ್ಟು, ನೀವೇ ಅಂದಾಜು ಮಾಡಿ.

## ಜಡ್ಡು ಬಿದ್ದದ್ದು ತಿನ್ನುವುದಿಲ್ಲ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ, ಆದರೆ ಇದನ್ನು ಹೇಳುವವರು ಕಡಿಮೆ.

ಮೇವು ಸುರಿಯುವ ಹೊತ್ತಿಗೆ ಶೆಡ್ಡಿನ ಬದಿ ನಿಂತು ನೋಡಿ. ಬಕೆಟ್ಟಿನ ಸದ್ದಿಗೆ ಗಟ್ಟಿಮುಟ್ಟಾದವು ಓಡಿ ಬಂದು ತೊಟ್ಟಿಗೆ ಎರಡೂ ಮುಂಗಾಲು ಹಾಕಿ, ಪಕ್ಕದ್ದನ್ನು ಭುಜದಿಂದ ದೂಡಿ ತಿನ್ನುತ್ತವೆ. ಮೂಲೆಯಲ್ಲಿ ಒಂದು ಇರುತ್ತದೆ. ಕೂದಲು ನೆಟ್ಟಗೆ ನಿಂತಿರುತ್ತದೆ, ಪಕ್ಕೆ ಜೋರಾಗಿ ಒಳಗೆ ಹೊರಗೆ ಬಡಿಯುತ್ತಿರುತ್ತದೆ, ಉಸಿರು ಸಿಗಲಿ ಅಂತ ನಾಯಿಯ ಹಾಗೆ ಮುಂಗಾಲೂರಿ ಕುಂತಿರುತ್ತದೆ. ಅದು ಎದ್ದು ಬರುವ ಹೊತ್ತಿಗೆ ತೊಟ್ಟಿ ಖಾಲಿ. ಬಂದರೂ ನಾಲ್ಕು ತುತ್ತು.

ಔಷಧಿ ಇರುವುದು ಮೇವಿನಲ್ಲಿ. ಹಾಗಾದರೆ ಜಾಸ್ತಿ ಔಷಧಿ ಸಿಕ್ಕಿದ್ದು ಯಾರಿಗೆ? ಆರೋಗ್ಯವಾಗಿರುವ ಹಂದಿಗೆ. ನಿಜವಾಗಿ ಬೇಕಿದ್ದದ್ದಕ್ಕೆ ಸಿಕ್ಕಿದ್ದು ಕಡಿಮೆ.

ಮೊದಲಿನ ಲೆಕ್ಕವನ್ನೇ ಮುಂದುವರಿಸೋಣ. ಈ ಸಲ ಜಿಪುಣತನ ಮಾಡದೆ ಟನ್ನಿಗೆ 400 ಗ್ರಾಂ, ಅಂದರೆ ಚಿಕಿತ್ಸೆಯ ಪ್ರಮಾಣವನ್ನೇ ಹಾಕಿದಿರಿ. ಚೆನ್ನಾಗಿ ತಿಂದ ಹಂದಿಗೆ ಕಿಲೋ ಮೈತೂಕಕ್ಕೆ 20 ಮಿಲಿಗ್ರಾಂ ಸಿಕ್ಕಿತು. ಜ್ವರ ಬಂದು ಕಾಲು ಭಾಗ ಮಾತ್ರ ತಿಂದದ್ದಕ್ಕೆ ಸಿಕ್ಕಿದ್ದು 5. ಅಂದರೆ ಪೂರ್ತಿ ಡೋಸಿನ ಮೇವೂ ಜಡ್ಡು ಬಿದ್ದ ಹಂದಿಯ ಪಾಲಿಗೆ ಸಣ್ಣ ಡೋಸೇ. ಇನ್ನು ಮೊದಲೇ ಸಣ್ಣ ಡೋಸ್ ಹಾಕಿದ್ದರೆ ಹೆಸರಿಗೆ ಮಾತ್ರ ಔಷಧಿ.

ಮೇವು ಬಿಟ್ಟ ಹಂದಿಯೂ ನೀರು ಸ್ವಲ್ಪ ಕುಡಿಯುತ್ತಾ ಇರುತ್ತದೆ. ಅದಕ್ಕೇ ಪಶುವೈದ್ಯರು ಶ್ವಾಸಕೋಶದ ಸೋಂಕಿಗೆ ಮೊದಲು ಇಂಜೆಕ್ಷನ್, ಇಲ್ಲವೆಂದರೆ ನೀರಿನಲ್ಲಿ ಔಷಧಿ, ಕೊನೆಗೆ ಮೇವಿನಲ್ಲಿ ಅನ್ನುವುದು. ಸುಮ್ನೆ ಫೀಸಿಗಾಗಿ ಹೇಳುವ ಮಾತಲ್ಲ.

## ಅರೆಬರೆ ಡೋಸ್ ಸಿಕ್ಕಾಗ ಬ್ಯಾಕ್ಟೀರಿಯಾ ಏನು ಮಾಡುತ್ತದೆ

ಕಬ್ಬಿನ ಹೊಲದಲ್ಲಿ ಕಳೆನಾಶಕವನ್ನು ಉಳಿತಾಯಕ್ಕೆಂದು ಅರ್ಧಕ್ಕರ್ಧ ನೀರು ಮಾಡಿ ಹೊಡೆದರೆ ಏನಾಗುತ್ತದೆ ಅಂತ ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಎಳೆ ಕಳೆ ಸಾಯುತ್ತದೆ, ಗಟ್ಟಿ ಕಳೆ ಉಳಿದು ಬೀಜ ಉದುರಿಸುತ್ತದೆ, ಮುಂದಿನ ವರ್ಷ ಹೊಲದ ತುಂಬ ಅದೇ. ಬ್ಯಾಕ್ಟೀರಿಯಾದಲ್ಲೂ ಹೀಗೇ ಆಗುತ್ತದೆ. ಆದರೆ ಇಲ್ಲಿ ಮುಂದಿನ ಪೀಳಿಗೆ ಬರೋಕೆ ವರ್ಷ ಬೇಕಿಲ್ಲ, ಅನುಕೂಲ ಸಿಕ್ಕರೆ ಅರ್ಧ ಗಂಟೆ, ಒಂದು ಗಂಟೆ ಸಾಕು.

ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಒಂದೋ ಎರಡೋ ಆಕಸ್ಮಿಕವಾಗಿ ಸ್ವಲ್ಪ ಬೇರೆ ಇರುತ್ತವೆ. ಒಂದರ ಮೈಯಲ್ಲಿ ಔಷಧಿಯನ್ನು ಹೊರಗೆ ಎತ್ತಿಹಾಕುವ ಪಂಪಿನಂಥ ಪ್ರೋಟೀನ್ ಇರುತ್ತದೆ. ಇನ್ನೊಂದರಲ್ಲಿ ಔಷಧಿ ಹೋಗಿ ಕೂರಬೇಕಾದ ಜಾಗವೇ ಬದಲಾಗಿರುತ್ತದೆ. ಔಷಧಿ ಇಲ್ಲದಾಗ ಇವಕ್ಕೆ ವಿಶೇಷ ಲಾಭವಿಲ್ಲ. ಎಷ್ಟೋ ಸಲ ಇವು ಬೆಳೆಯುವುದೇ ನಿಧಾನ. ಔಷಧಿ ಬಂದಾಗ ಆಟ ಬದಲಾಗುತ್ತದೆ.

ಬಹಳ ದಿನ ವಿಜ್ಞಾನಿಗಳು ಅಂದುಕೊಂಡಿದ್ದದ್ದು ಏನೆಂದರೆ, ಎಂಐಸಿ ಗೆರೆಗಿಂತ ತೀರಾ ಕೆಳಗಿದ್ದರೆ ಯಾವ ಬ್ಯಾಕ್ಟೀರಿಯಾಕ್ಕೂ ಏನೂ ಆಗುವುದಿಲ್ಲ, ಹಾಗಾಗಿ ಗಟ್ಟಿಯದಕ್ಕೆ ಮೇಲುಗೈಯೂ ಇಲ್ಲ. 2011ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿದರು. ಗೆರೆಗಿಂತ ಹತ್ತಾರು, ಕೆಲವು ಔಷಧಿಗಳಲ್ಲಿ ನೂರಾರು ಪಟ್ಟು ಕಡಿಮೆ ಇದ್ದಾಗಲೂ ನಿರೋಧಕ ಬ್ಯಾಕ್ಟೀರಿಯಾ, ಅಂದರೆ ಔಷಧಿಗೆ ಜಗ್ಗದ್ದು, ನಿಧಾನವಾಗಿ ಮಿಕ್ಕವನ್ನು ಹಿಂದೆ ಹಾಕುತ್ತದೆ ಅಂತ ಗೊತ್ತಾಯಿತು. ಸಾಯಿಸಲಾರದಷ್ಟು ಔಷಧಿ ಇದ್ದರೂ ಸಾಮಾನ್ಯ ಬ್ಯಾಕ್ಟೀರಿಯಾದ ವೇಗ ಸ್ವಲ್ಪ ತಗ್ಗುತ್ತದೆ, ನಿರೋಧಕದ ವೇಗ ತಗ್ಗುವುದಿಲ್ಲ. ದಿನಾ ಅಷ್ಟಷ್ಟೇ ವ್ಯತ್ಯಾಸ. ತಿಂಗಳುಗಟ್ಟಲೆ ನಡೆದರೆ?

ಇನ್ನೂ ಒಂದಿದೆ. ಬ್ಯಾಕ್ಟೀರಿಯಾಗಳು ಒಟ್ಟಾಗಿ ಸುತ್ತಲೂ ಲೋಳೆ ಕಟ್ಟಿಕೊಂಡು ಒಂದು ಪದರವಾಗಿ ಅಂಟಿ ಕೂರಬಲ್ಲವು. ಅದಕ್ಕೆ ಬಯೋಫಿಲ್ಮ್ ಅನ್ನುತ್ತಾರೆ. ಈ ಪದರದ ಒಳಗೆ ಔಷಧಿಯ ಕೆಲಸ ಕಷ್ಟ. ಕೆಲವು ಔಷಧಿಗಳ ಸಣ್ಣ ಡೋಸ್ ತಗುಲಿದಾಗ ಕೆಲವು ಬ್ಯಾಕ್ಟೀರಿಯಾಗಳು ಲೋಳೆಯನ್ನು ಇನ್ನೂ ಜಾಸ್ತಿ ಕಟ್ಟುತ್ತವೆ ಅಂತ ಲ್ಯಾಬಿನಲ್ಲಿ ನೋಡಿದ್ದಾರೆ. ಎಲ್ಲ ಔಷಧಿಯಲ್ಲೂ ಹೀಗಾಗುತ್ತದೆ ಅಂತಲ್ಲ, ಕೆಲವು ಉಲ್ಟಾ ಲೋಳೆಯನ್ನು ಕಡಿಮೆಯೂ ಮಾಡುತ್ತವೆ. ಲ್ಯಾಬಿನಲ್ಲಿ ಕಂಡದ್ದೆಲ್ಲ ಶೆಡ್ಡಿನಲ್ಲಿ ಹಾಗೇ ನಡೆಯಬೇಕು ಅಂತಲೂ ಇಲ್ಲ.

## ಶ್ವಾಸಕೋಶಕ್ಕೆ ಕಡಿಮೆ, ಕರುಳಿಗೆ ಭರ್ತಿ

ಹೀರಿಕೊಳ್ಳದ ಔಷಧಿ ಎಲ್ಲಿ ಹೋಯಿತು? ಕರುಳಿನಲ್ಲೇ ಉಳಿಯಿತು. ಅಲ್ಲಿ ಕೆಮ್ಮಿಗೆ ಸಂಬಂಧವೇ ಇಲ್ಲದ, ತಮ್ಮ ಪಾಡಿಗೆ ತಾವು ಬದುಕುವ ಇ. ಕೊಲೈಯಂಥ ಬ್ಯಾಕ್ಟೀರಿಯಾಗಳು ಲೆಕ್ಕವಿಲ್ಲದಷ್ಟಿವೆ. ಅವೂ ದಿನಾ ಈ ಔಷಧಿಯಲ್ಲಿ ಮಿಂದೇಳುತ್ತವೆ, ಅವುಗಳಲ್ಲೂ ಗಟ್ಟಿಯವು ಉಳಿಯುತ್ತವೆ.

ಬ್ಯಾಕ್ಟೀರಿಯಾಗಳಲ್ಲಿ ಪ್ಲಾಸ್ಮಿಡ್ ಅಂತ ಸಣ್ಣ ಉಂಗುರದಂಥ ಡಿಎನ್‌ಎ ಇರುತ್ತದೆ. ಔಷಧಿಗೆ ಜಗ್ಗದಿರುವ ಜೀನ್ ಬಹಳ ಸಲ ಇದರ ಮೇಲಿರುತ್ತದೆ. ಇದನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲದು, ಎಷ್ಟೋ ಸಲ ಬೇರೆ ಜಾತಿಯದಕ್ಕೂ. ಒಂದೇ ಉಂಗುರದ ಮೇಲೆ ಮೂರ್ನಾಲ್ಕು ಔಷಧಿಗಳ ನಿರೋಧಕ ಜೀನ್ ಇರುವುದೂ ಉಂಟು. ಆಗ ನೀವು ಹಾಕಿದ್ದು ಟೆಟ್ರಾಸೈಕ್ಲಿನ್ ಒಂದೇ ಆದರೂ ಬೇರೆ ಔಷಧಿಗಳೂ ಕೆಲಸಕ್ಕೆ ಬಾರದಂತಾಗಬಹುದು.

2015ರಲ್ಲಿ ಚೀನಾದಲ್ಲಿ ಹಂದಿಯೊಂದರ ಇ. ಕೊಲೈನಲ್ಲಿ ಎಂಸಿಆರ್-1 ಅನ್ನುವ ಇಂಥದೇ ಜೀನ್ ಸಿಕ್ಕಿದ ಸುದ್ದಿ ಬಂದಾಗ ಡಾಕ್ಟರುಗಳು ಗಾಬರಿಯಾದದ್ದು ಇದಕ್ಕೇ. ಆ ಜೀನ್ ಇದ್ದ ಬ್ಯಾಕ್ಟೀರಿಯಾ ಕೋಲಿಸ್ಟಿನ್‌ಗೆ ಜಗ್ಗುತ್ತಿರಲಿಲ್ಲ. ಬೇರೆ ಯಾವುದೂ ನಾಟದಾಗ ಐಸಿಯುನಲ್ಲಿ ಮನುಷ್ಯರಿಗೆ ಕೊಡುವ ಕೊನೆಯ ಔಷಧಿಗಳಲ್ಲಿ ಕೋಲಿಸ್ಟಿನ್ ಒಂದು. ಅದನ್ನು ಹಂದಿ, ಕೋಳಿ ಮೇವಿಗೆ ಟನ್‌ಗಟ್ಟಲೆ ಸುರಿಯುತ್ತಿದ್ದರು.

ಶೆಡ್ಡಿನ ಸಗಣಿ ತಿಪ್ಪೆಗೆ ಹೋಗುತ್ತದೆ, ತಿಪ್ಪೆಯಿಂದ ಕಬ್ಬಿಗೋ ತರಕಾರಿಗೋ. ಮಳೆ ಬಂದರೆ ಹಳ್ಳಕ್ಕೆ. ಜೊತೆಗೆ ಔಷಧಿಯ ಉಳಿಕೆಯೂ ನಿರೋಧಕ ಬ್ಯಾಕ್ಟೀರಿಯಾವೂ ಹೋಗುತ್ತವೆ. ಶೆಡ್ಡಿನಲ್ಲಿ ಕೆಲಸ ಮಾಡುವವರಿಗಂತೂ ನೇರ ಸಂಪರ್ಕ. ಅಮೆರಿಕದಲ್ಲಿ ಸ್ಟುವರ್ಟ್ ಲೆವಿ ಅನ್ನುವ ವೈದ್ಯ-ವಿಜ್ಞಾನಿ ಕೋಳಿಗಳ ಮೇವಿಗೆ ಸಣ್ಣ ಡೋಸ್ ಆಕ್ಸಿಟೆಟ್ರಾಸೈಕ್ಲಿನ್ ಹಾಕಿಸಿ ನೋಡಿದ್ದರು, 1976ರಲ್ಲಿ ಅದು ಪ್ರಕಟವಾಯಿತು. ಮೊದಲು ಕೋಳಿಗಳಲ್ಲಿ, ಕೆಲವು ತಿಂಗಳಲ್ಲಿ ಅದೇ ಫಾರ್ಮಿನ ಮನೆಯವರ ಹೊಟ್ಟೆಯಲ್ಲೂ ಟೆಟ್ರಾಸೈಕ್ಲಿನ್‌ಗೆ ಜಗ್ಗದ ಬ್ಯಾಕ್ಟೀರಿಯಾ ಕಾಣಿಸಿಕೊಂಡವು. ಅವರ್‍ಯಾರೂ ಆ ಮೇವು ತಿಂದಿರಲಿಲ್ಲ.

## ಮತ್ತೆ ಕೆಮ್ಮು ಕಡಿಮೆ ಆದದ್ದು ಸುಳ್ಳಾ?

ಸುಳ್ಳಲ್ಲ. ಪುಡಿ ಹಾಕಿದವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಈ ಪದ್ಧತಿ ಶುರುವಾದದ್ದೇ ಕಣ್ಣಿಗೆ ಕಂಡ ಲಾಭದಿಂದ. 1940ರ ದಶಕದ ಕೊನೆಗೆ ಅಮೆರಿಕದಲ್ಲಿ ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಸಿದ ಮೇಲೆ ಉಳಿದ ಚರಟವನ್ನು ವಿಟಮಿನ್ ಬಿ12ಗಾಗಿ ಕೋಳಿಮರಿಗಳಿಗೆ ತಿನ್ನಿಸಿದರು. ಮರಿಗಳು ಅಂದಾಜಿಗಿಂತ ಜಾಸ್ತಿ ಬೆಳೆದವು. ಹಂದಿಗೂ ಕೊಟ್ಟರು, ಅವೂ ಬೆಳೆದವು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು.

ಗಾಳಿ ಕೆಟ್ಟ, ಕಿಕ್ಕಿರಿದ ಶೆಡ್ಡಿನಲ್ಲಿ ಸಣ್ಣ ಡೋಸ್ ಕೆಲವು ದಿನ ಕೆಮ್ಮನ್ನು ಹತ್ತಿಕ್ಕಬಹುದು. ಇನ್ನೂ ಔಷಧಿಗೆ ಜಗ್ಗುವ ಬ್ಯಾಕ್ಟೀರಿಯಾ ಇದ್ದರೆ, ಹಂದಿಗಳು ಇನ್ನೂ ಮೇವು ಬಿಟ್ಟಿಲ್ಲದಿದ್ದರೆ, ಸೋಂಕು ಹರಡುವ ವೇಗ ತಗ್ಗುತ್ತದೆ. ಆದರೆ ಟೆಟ್ರಾಸೈಕ್ಲಿನ್, ಟೈಲೋಸಿನ್ ಥರದವು ಬ್ಯಾಕ್ಟೀರಿಯಾವನ್ನು ನೇರ ಕೊಲ್ಲುವುದಕ್ಕಿಂತ ಬೆಳೆಯದಂತೆ ಹಿಡಿದಿಡುವುದೇ ಜಾಸ್ತಿ. ಮುಗಿಸುವ ಕೆಲಸ ಹಂದಿಯ ಮೈಯದ್ದೇ. ಅಮೋನಿಯಾದಲ್ಲಿ ಬೆಂದ ಶ್ವಾಸಕೋಶಕ್ಕೆ ಆ ತಾಕತ್ತು ಎಲ್ಲಿ? ಪುಡಿ ನಿಲ್ಲಿಸಿದ ವಾರಕ್ಕೆ ಕೆಮ್ಮು ವಾಪಸ್. ಮತ್ತೆ ಪುಡಿ, ಈ ಸಲ ಎರಡು ಚಮಚ.

ಇನ್ನೊಂದು ತಪ್ಪು ಸಾಮಾನ್ಯ. ಪೆನ್ಸಿಲಿನ್, ಅಮಾಕ್ಸಿಸಿಲಿನ್ ಗುಂಪಿನವು ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಕೋಶಗೋಡೆಯ ಮೇಲೆ. ಮೈಕೋಪ್ಲಾಸ್ಮಾಗೆ ಆ ಗೋಡೆಯೇ ಇಲ್ಲ. ಸಣ್ಣದಿರಲಿ ದೊಡ್ಡದಿರಲಿ, ಅದಕ್ಕೆ ಈ ಔಷಧಿ ಕೊಟ್ಟು ಪ್ರಯೋಜನವಿಲ್ಲ.

## ನಿಲ್ಲಿಸಿದವರಿಗೆ ಏನಾಯಿತು

ಬೆಳವಣಿಗೆಗೆಂದು ಮೇವಿಗೆ ಆಂಟಿಬಯೋಟಿಕ್ ಹಾಕುವುದನ್ನು ಸ್ವೀಡನ್ 1986ರಲ್ಲೇ ನಿಷೇಧಿಸಿತು. ಇಡೀ ಯುರೋಪಿಯನ್ ಒಕ್ಕೂಟ 2006ರ ಜನವರಿಯಿಂದ. ಅಮೆರಿಕ 2017ರಲ್ಲಿ, ಚೀನಾ 2020ರಲ್ಲಿ.

ಹಂದಿಯ ವಿಷಯದಲ್ಲಿ ನೋಡಬೇಕಾದ್ದು ಡೆನ್ಮಾರ್ಕ್. ಅಲ್ಲಿ ಮನುಷ್ಯರಿಗಿಂತ ಹಂದಿಗಳೇ ಜಾಸ್ತಿ, ಮಾಂಸ ರಫ್ತೇ ದೊಡ್ಡ ವ್ಯಾಪಾರ. ಅಂಥವರು 1990ರ ದಶಕದ ಕೊನೆಗೆ ಇದನ್ನು ಬಿಟ್ಟರು. ಮೊದಲಿಗೆ ತೊಂದರೆ ಆಯಿತು, ತಾಯಿಯಿಂದ ಬಿಡಿಸಿದ ಮರಿಗಳಲ್ಲಿ ಭೇದಿ ಹೆಚ್ಚಿ ಚಿಕಿತ್ಸೆಗೆ ಜಾಸ್ತಿ ಔಷಧಿ ಬೇಕಾಯಿತು. ಆಮೇಲೆ ಸಾಕುವ ರೀತಿ ಬದಲಾಯಿಸಿಕೊಂಡರು. 1992ರಲ್ಲಿ ವರ್ಷಕ್ಕೆ 1.84 ಕೋಟಿ ಹಂದಿ ಸಾಕುತ್ತಿದ್ದ ದೇಶ 2008ರಲ್ಲಿ 2.71 ಕೋಟಿ ಸಾಕಿತು. ಅದೇ ಅವಧಿಯಲ್ಲಿ ಕಿಲೋ ಹಂದಿಗೆ ಬಳಸುವ ಆಂಟಿಬಯೋಟಿಕ್ ಸುಮಾರು 100 ಮಿಲಿಗ್ರಾಂನಿಂದ 49ಕ್ಕೆ ಇಳಿಯಿತು.

ನಮ್ಮಲ್ಲಿ 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೋಲಿಸ್ಟಿನ್ ಕೊಡುವುದನ್ನು, ಮೇವಿಗೆ ಬೆರೆಸುವುದನ್ನು ನಿಷೇಧಿಸಿತು. ಮಾಂಸ, ಹಾಲು, ಮೊಟ್ಟೆಯಲ್ಲಿ ಉಳಿಯುವ ಔಷಧಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿಗಳಿವೆ. ಆದರೆ ಟೆಟ್ರಾಸೈಕ್ಲಿನ್ ಪುಡಿ ವೈದ್ಯರ ಚೀಟಿಯಿಲ್ಲದೆ ಕೈಗೆ ಸಿಗುತ್ತಿರುವವರೆಗೆ ಶೆಡ್ಡಿನೊಳಗೆ ಕಾನೂನು ಇಣುಕುವುದು ಅಪರೂಪವೇ.

## ಕೆಮ್ಮು ಬಂದರೆ ಏನು ಮಾಡೋದು, ಹಾಗಾದರೆ

ಮೊದಲು ಗಾಳಿ. ಮಳೆಗಾಲದಲ್ಲೂ ತಾಡಪತ್ರಿಯನ್ನು ಮೇಲಿನಿಂದ ಒಂದು ಮೊಳ ಬಿಟ್ಟು ಕಟ್ಟಿದರೆ ಎರಚಲು ಹಂದಿಗೆ ತಾಗದು, ಅಮೋನಿಯಾ ಹೊರಗೆ ಹೋಗುತ್ತದೆ. ನೆಲ ದಿನಾ ತೊಳೆದು ಒಣಗಲು ಬಿಡಬೇಕು. ಒಂದು ಕೋಣೆಯ ಹಂದಿಗಳನ್ನು ಒಟ್ಟಿಗೇ ತುಂಬಿ ಒಟ್ಟಿಗೇ ಖಾಲಿ ಮಾಡಿ, ನಡುವೆ ತೊಳೆದು ಕೆಲವು ದಿನ ಬಿಟ್ಟರೆ ದೊಡ್ಡ ಹಂದಿಯ ರೋಗ ಮರಿಗೆ ದಾಟುವುದು ಬಹಳ ತಗ್ಗುತ್ತದೆ. ಸಂತೆಯಿಂದ ತಂದದ್ದನ್ನು ನೇರ ಗುಂಪಿಗೆ ಬಿಡದೆ ಮೂರ್ನಾಲ್ಕು ವಾರ ಬೇರೆ ಕಟ್ಟಬೇಕು. ಮೈಕೋಪ್ಲಾಸ್ಮಾ ಸೋಂಕು ತಗುಲಿದರೂ ಕೆಮ್ಮು ಕಾಣಿಸಿಕೊಳ್ಳಲು ಎರಡು ವಾರವೋ ಅದಕ್ಕಿಂತ ಜಾಸ್ತಿಯೋ ಬೇಕು, ಅದಕ್ಕೇ ಇಷ್ಟು ದಿನ.

ಹಂದಿ ಸತ್ತರೆ ಹೂಳುವ ಮೊದಲು ದನದ ದವಾಖಾನೆಗೆ ಒಂದು ಫೋನ್ ಮಾಡಿ. ಕೊಯ್ದು ನೋಡಿದರೆ ಶ್ವಾಸಕೋಶವೇ ಅರ್ಧ ಕಥೆ ಹೇಳುತ್ತದೆ. ಮಾದರಿ ಲ್ಯಾಬಿಗೆ ಹೋದರೆ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ ಅಂತಲೂ ಗೊತ್ತಾಗುತ್ತದೆ. ನೀವೇ ಕೊಯ್ಯಲು ಹೋಗಬೇಡಿ. ಸ್ಟ್ರೆಪ್ಟೋಕಾಕಸ್ ಸೂಯಿಸ್ ಕೈಯ ಗಾಯದ ಮೂಲಕ ಮನುಷ್ಯರಿಗೂ ಬಂದು ಮೆದುಳುಪೊರೆಯ ಉರಿಯೂತ ತರುತ್ತದೆ, ಬದುಕಿದವರಲ್ಲೂ ಕೆಲವರಿಗೆ ಕಿವಿ ಹೋಗುತ್ತದೆ. ಜ್ವರ ಬಂದು ಒಂದರ ಹಿಂದೆ ಒಂದು ಬೇಗ ಬೇಗ ಸಾಯುತ್ತಿದ್ದರೆ ಅದು 2020ರಲ್ಲಿ ನಮ್ಮ ದೇಶಕ್ಕೆ ಬಂದ ಆಫ್ರಿಕನ್ ಹಂದಿ ಜ್ವರವೂ ಇರಬಹುದು. ಅದು ವೈರಸ್. ಅಲ್ಲಿ ಪುಡಿ ಹಾಕುತ್ತಾ ಕೂತರೆ ಕಳೆದುಕೊಳ್ಳುವುದು ಸಮಯ.

ವೈದ್ಯರು ಆಂಟಿಬಯೋಟಿಕ್ ಬರೆದರೆ ಹಂದಿಯ ತೂಕ ನೋಡಿ ಪೂರ್ತಿ ಡೋಸ್, ಹೇಳಿದಷ್ಟು ದಿನ ಕೊಡಿ. ಮಾರುವ ಮೊದಲು ಎಷ್ಟು ದಿನ ಔಷಧಿ ನಿಲ್ಲಿಸಿರಬೇಕು ಅಂತ ಅವರನ್ನೇ ಕೇಳಿ, ಪ್ಯಾಕೆಟ್ಟಿನ ಮೇಲೂ ಬರೆದಿರುತ್ತದೆ.

ಕೋಳಿ ಫೀಡ್ ಅಗ್ಗಕ್ಕೆ ಸಿಕ್ಕಿತು ಅಂತ ಹಂದಿಗೆ ಹಾಕುವವರು ಇದೊಂದು ತಿಳಿದಿರಬೇಕು. ಕೋಳಿ ಫೀಡಿನಲ್ಲಿ ರಕ್ತಭೇದಿ ತಡೆಯಲು ಸಲಿನೋಮೈಸಿನ್, ಮೊನೆನ್ಸಿನ್ ಥರದ್ದು ಬೆರೆತಿರುವುದು ಸಾಮಾನ್ಯ. ಹಂದಿಯ ಕೆಮ್ಮಿಗೆ ಕೊಡುವ ಔಷಧಿಗಳಲ್ಲಿ ಟಿಯಾಮುಲಿನ್ ಒಂದು. ಇವೆರಡೂ ಒಟ್ಟಿಗೆ ಹೊಟ್ಟೆ ಸೇರಿದರೆ ಹಂದಿಯ ಸ್ನಾಯುಗಳು ಹಾಳಾಗಿ ಕಾಲು ಎಳೆದುಕೊಂಡು ಬಿದ್ದು ಸಾಯಬಹುದು. ಆದ್ದರಿಂದ ವೈದ್ಯರ ಹತ್ತಿರ ಹೋಗುವಾಗ ಏನೇನು ತಿನ್ನಿಸುತ್ತಿದ್ದೀರಿ ಅಂತ ಬಾಯಲ್ಲಿ ಹೇಳಿದರೆ ಸಾಲದು, ಫೀಡಿನ ಚೀಲದ ಮೇಲಿನ ಚೀಟಿ, ಪುಡಿಯ ಪ್ಯಾಕೆಟ್ ಎರಡನ್ನೂ ಒಯ್ದು ತೋರಿಸಿ.